ಪ್ರನಾಳದಲ್ಲಿ ಬೆಳಗಿದ ರುಥೇನಿಯಂ ಜೀವಕೋಶದೊಳಗೆ ಎಲ್ಲಿಗೆ ಹೋಯಿತು: ಒಂದು ಪ್ರಕರಣ ಅಧ್ಯಯನ

ಜೀವಂತ ಕೋಶದ ಕೇಂದ್ರದಲ್ಲಿರುವ ಡಿಎನ್‌ಎಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದರೆ ಅದಕ್ಕೆ ಬಣ್ಣ ಕಟ್ಟಬೇಕು. ಈ ಕೆಲಸಕ್ಕೆ ದಶಕಗಳಿಂದ ಬಳಕೆಯಲ್ಲಿರುವುದು ಡಾಪಿ, ಹೋಕ್ಸ್ಟ್, ಪ್ರೊಪಿಡಿಯಂ ಅಯೊಡೈಡ್ ಮೊದಲಾದ ಸಾವಯವ ಬಣ್ಣಗಳು. ಅವು ಉಪಯುಕ್ತವೇ ಹೌದಾದರೂ ಒಂದೊಂದಕ್ಕೂ ಅದರದೇ ಮಿತಿಯಿದೆ. ಡಾಪಿಯನ್ನು ಬೆಳಗಿಸಲು 360 ನ್ಯಾನೊಮೀಟರ್ ಆಸುಪಾಸಿನ ನೇರಳಾತೀತ ಬೆಳಕು ಬೇಕು. ನೋಡಹೊರಟ ಡಿಎನ್‌ಎಗೇ ಆ ಬೆಳಕು ಹಾನಿ ಮಾಡಬಲ್ಲದು. ಪ್ರೊಪಿಡಿಯಂ ಅಯೊಡೈಡ್ ಆರೋಗ್ಯವಾಗಿರುವ ಕೋಶದ ಪೊರೆಯನ್ನು ದಾಟುವುದಿಲ್ಲ, ಹಾಗಾಗಿ ಅದು ಸತ್ತ ಕೋಶಗಳನ್ನು ಗುರುತಿಸುವುದಕ್ಕಷ್ಟೇ ಒದಗುತ್ತದೆ. ಹೆಚ್ಚಿನ ಸಾವಯವ ಬಣ್ಣಗಳು ಲೇಸರ್ ಕಿರಣದಡಿ ಬೇಗ ಮಾಸಿಹೋಗುತ್ತವೆ. ಇವುಗಳ ಹೊಳಪು ಕೆಲವೇ ನ್ಯಾನೊಸೆಕೆಂಡುಗಳಲ್ಲಿ ಮುಗಿಯುವುದು ಇನ್ನೊಂದು ತೊಡಕು. ಕೋಶದಲ್ಲಿ ಸಹಜವಾಗಿಯೇ ಇರುವ ಫ್ಲೇವಿನ್‌ನಂತಹ ಅಣುಗಳ ಮಿನುಗೂ ಅದೇ ಅವಧಿಯಲ್ಲಿ ಹೊಮ್ಮಿ ಆರುವುದರಿಂದ, ಹಚ್ಚಿದ ಬಣ್ಣದ ಬೆಳಕನ್ನೂ ಕೋಶದ ಸ್ವಂತ ಬೆಳಕನ್ನೂ ಸಮಯದ ಆಧಾರದಲ್ಲಿ ಬೇರ್ಪಡಿಸುವುದು ಕಷ್ಟವಾಗುತ್ತದೆ.

ಈ ಮಿತಿಗಳನ್ನು ಮೀರುವ ಭರವಸೆ ಹುಟ್ಟಿಸಿದ ವಸ್ತುಗಳಲ್ಲಿ ರುಥೇನಿಯಂ ಲೋಹದ ಸಂಕೀರ್ಣಗಳು ಮುಖ್ಯವಾದವು. ಲೋಹದ ಅಯಾನಿಗೆ ಬಂಧಿಸಿ ಅದನ್ನು ಸುತ್ತುವರಿಯುವ ಅಣುಗಳನ್ನು ಲಿಗ್ಯಾಂಡು ಎನ್ನುತ್ತಾರೆ; ಎರಡೂ ಸೇರಿದ್ದು ಸಂಕೀರ್ಣ. ಮೂರು ಬೈಪಿರಿಡಿನ್ ಲಿಗ್ಯಾಂಡುಗಳ ನಡುವೆ ಒಂದು ರುಥೇನಿಯಂ ಅಯಾನು ಕುಳಿತಿರುವ ಸರಳ ಸಂಕೀರ್ಣವನ್ನೇ ನೋಡೋಣ. ಅದು 450 ನ್ಯಾನೊಮೀಟರ್ ಸುತ್ತಿನ ನೀಲಿ ಬೆಳಕನ್ನು ಹೀರಿ, 600 ನ್ಯಾನೊಮೀಟರ್ ದಾಟಿದ ಕಿತ್ತಳೆಗೆಂಪು ಬೆಳಕನ್ನು ಹೊರಸೂಸುತ್ತದೆ. ಹೀರಿದ ಬೆಳಕಿಗೂ ಹೊರಸೂಸಿದ ಬೆಳಕಿಗೂ ನಡುವೆ ಇಷ್ಟು ಅಂತರವಿರುವುದರಿಂದ ಸೋಸುಗಾಜಿನ ಮೂಲಕ ಅವೆರಡನ್ನೂ ಸುಲಭವಾಗಿ ಬೇರೆ ಮಾಡಬಹುದು. ಬೆಳಕು ಬಿದ್ದಾಗ ಲೋಹದಲ್ಲಿದ್ದ ಎಲೆಕ್ಟ್ರಾನು ಲಿಗ್ಯಾಂಡಿನ ಕಡೆಗೆ ಜಿಗಿಯುತ್ತದೆ. ಹಾಗೆ ಉಂಟಾದ ಉದ್ರಿಕ್ತ ಸ್ಥಿತಿ ಬೇಗನೆ, ಬೆಳಕನ್ನು ನಿಧಾನವಾಗಿ ಬಿಡುವ ತ್ರಿಕ ಸ್ಥಿತಿಗೆ ತಿರುಗಿ, ನೂರಾರು ನ್ಯಾನೊಸೆಕೆಂಡು ಉಳಿಯುತ್ತದೆ. ಲೇಸರಿನ ಒಂದು ಮಿಡಿತ ಕೊಟ್ಟು, ಕೋಶದ ಸ್ವಂತ ಮಿನುಗು ಆರುವವರೆಗೆ ತಡೆದು, ಆಮೇಲೆ ಬರುವ ಬೆಳಕನ್ನಷ್ಟೇ ದಾಖಲಿಸಿದರೆ ಚಿತ್ರದಲ್ಲಿ ಲೋಹ ಸಂಕೀರ್ಣವೊಂದೇ ಉಳಿಯುತ್ತದೆ.

ಈ ಬರಹದ ವಿಷಯ ಇಂತಹ ಸಂಕೀರ್ಣಗಳ ಎರಡು ಹತ್ತಿರದ ಬಂಧುಗಳು. ಒಂದನ್ನು ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಜಾಕ್ವೆಲಿನ್ ಬಾರ್ಟನ್ ಅವರ ತಂಡವೂ ಇನ್ನೊಂದನ್ನು ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದಲ್ಲಿ ಜಿಮ್ ಥಾಮಸ್ ಅವರ ತಂಡವೂ ಬೆಳೆಸಿದವು. ಎರಡರಲ್ಲೂ ಇರುವ ಲೋಹ ರುಥೇನಿಯಮ್ಮೇ. ಎರಡೂ ಪ್ರನಾಳದಲ್ಲಿ ಡಿಎನ್‌ಎಗೆ ಅಂಟಿದಾಗ ಬೆಳಗುತ್ತವೆ. ಆದರೆ ಜೀವಂತ ಕೋಶಕ್ಕೆ ಬಿಟ್ಟಾಗ ಮೊದಲನೆಯದು ಕೋಶಕೇಂದ್ರದ ಹೊರಗೇ ನಿಂತಿತು, ಎರಡನೆಯದು ಒಳಹೊಕ್ಕಿತು. ಹೀಗೇಕಾಯಿತು ಎಂಬುದು ಇಲ್ಲಿನ ಪ್ರಶ್ನೆ.

ನೀರಿನಲ್ಲಿ ಆರುವ, ಡಿಎನ್‌ಎಯಲ್ಲಿ ಹೊತ್ತುವ ದೀಪ

1990ರಲ್ಲಿ ಬಾರ್ಟನ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಪ್ರಬಂಧದಿಂದ ಕಥೆ ಆರಂಭವಾಗುತ್ತದೆ. ಅಣುಯಂತ್ರಗಳ ಕೆಲಸಕ್ಕಾಗಿ 2016ರಲ್ಲಿ ನೊಬೆಲ್ ಪಡೆದ ಜಾನ್ ಪಿಯರ್ ಸೊವಾಜ್ ಅವರೂ ಈ ಪ್ರಬಂಧದ ಲೇಖಕರಲ್ಲೊಬ್ಬರು. ಈ ಪ್ರಬಂಧದ ಸಂಕೀರ್ಣದಲ್ಲಿ ಎರಡು ಬೈಪಿರಿಡಿನ್‌ಗಳ ಜೊತೆಗೆ, ಡಿಪಿಪಿಜ಼ಡ್ ಎಂದು ಚುಟುಕಾಗಿ ಕರೆಯುವ ಉದ್ದನೆಯ, ಚಪ್ಪಟೆಯಾದ ಮೂರನೆಯ ಲಿಗ್ಯಾಂಡ್ ಇತ್ತು. ಈ ಸಂಕೀರ್ಣ ಅಸಿಟೊನೈಟ್ರೈಲ್‌ನಂತಹ ದ್ರಾವಕದಲ್ಲಿ ಹೊಳೆಯುತ್ತದೆ, ನೀರಿಗೆ ಹಾಕಿದರೆ ಹೆಚ್ಚುಕಡಿಮೆ ಕತ್ತಲಾಗುತ್ತದೆ. ಆ ನೀರಿಗೆ ಡಿಎನ್‌ಎ ಸೇರಿಸಿದರೆ ಮತ್ತೆ ಬೆಳಗುತ್ತದೆ. ಬೆಳಕು ಹೆಚ್ಚುವ ಪ್ರಮಾಣ ಸಾವಿರಾರು ಪಟ್ಟು. ಸಂಶೋಧಕರು ಇದನ್ನು ಡಿಎನ್‌ಎಗೊಂದು ಬೆಳಕಿನ ಸ್ವಿಚ್ಚು ಎಂದು ವರ್ಣಿಸಿದರು, ಆ ಹೆಸರೇ ಕ್ಷೇತ್ರದಲ್ಲಿ ನಿಂತಿತು.

ಇದರ ಕಾರಣವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಡಿಪಿಪಿಜ಼ಡ್‌ನ ನಡುಭಾಗದಲ್ಲಿ, ಲೋಹಕ್ಕೆ ಬಂಧಿಸಲ್ಪಡದ ಎರಡು ನೈಟ್ರೊಜನ್ ಪರಮಾಣುಗಳಿವೆ. ಬೆಳಕು ಹೀರಿದ ಮೇಲೆ ಎಲೆಕ್ಟ್ರಾನು ಈ ಲಿಗ್ಯಾಂಡಿನ ಮೇಲೆ ಬಂದಾಗ, ಸುತ್ತಲಿನ ನೀರಿನ ಅಣುಗಳು ಆ ನೈಟ್ರೊಜನ್‌ಗಳೊಂದಿಗೆ ಹೈಡ್ರೊಜನ್ ಬಂಧ ಬೆಳೆಸಿ ಸಂಕೀರ್ಣವನ್ನು ಬೆಳಕು ಸೂಸದ ಸ್ಥಿತಿಗೆ ಇಳಿಸುತ್ತವೆ. ಹೀರಿದ ಶಕ್ತಿ ಒಂದು ನ್ಯಾನೊಸೆಕೆಂಡಿಗೂ ಮೊದಲೇ ಶಾಖವಾಗಿ ಹೋಗಿಬಿಡುತ್ತದೆ. ಅದೇ ಲಿಗ್ಯಾಂಡ್ ಡಿಎನ್‌ಎಯ ಎರಡು ಪ್ರತ್ಯಾಮ್ಲ ಜೋಡಿಗಳ ನಡುವಿನ ಸಂದಿಯಲ್ಲಿ ತೂರಿಕೊಂಡರೆ ನೀರು ಆ ನೈಟ್ರೊಜನ್‌ಗಳ ಬಳಿ ಸುಳಿಯಲಾರದು, ಆಗ ಸಂಕೀರ್ಣವು ತನ್ನ ಸಹಜ ಕೆಂಪು ಬೆಳಕನ್ನು ಸೂಸುತ್ತದೆ. ಇಂತಹ ಸಂಕೀರ್ಣಗಳು ಡಿಎನ್‌ಎಯೊಳಗೆ ಹೀಗೆ ತೂರಿಕೊಂಡಿರುವುದನ್ನು 2012ರಲ್ಲಿ ಪ್ರಕಟವಾದ ಸ್ಫಟಿಕ ರಚನೆಗಳು ಕಣ್ಣಿಗೆ ಕಾಣುವಂತೆ ತೋರಿಸಿಕೊಟ್ಟವು.

ಈ ಬೆಳಕು ನಿಜವಾಗಿ ಸಾರುವುದು ನೀರು ದೂರವಿದೆ ಎಂಬ ಸಂಗತಿಯನ್ನು ಮಾತ್ರ. ಪ್ರನಾಳದಲ್ಲಿ ನೀರು ಮತ್ತು ಡಿಎನ್‌ಎ ಎರಡೇ ಇದ್ದಾಗ, ನೀರು ದೂರವಾಯಿತೆಂದರೆ ಡಿಎನ್‌ಎ ಹತ್ತಿರವಾಯಿತು ಎಂದು ಧೈರ್ಯವಾಗಿ ಹೇಳಬಹುದು. ಕೋಶದೊಳಗೆ ಹಾಗಲ್ಲ. ಅಲ್ಲಿ ಕೊಬ್ಬಿನ ಪೊರೆಗಳಿವೆ, ಪ್ರೋಟೀನುಗಳ ಜಲವಿರೋಧಿ ಮಡಿಕೆಗಳಿವೆ, ಆರ್‌ಎನ್‌ಎ ಇದೆ. ನೀರಿನಿಂದ ಮರೆಯಾಗುವ ಯಾವ ಮೂಲೆ ಸಿಕ್ಕರೂ ಈ ದೀಪ ಹೊತ್ತಿಕೊಳ್ಳಬಲ್ಲದು.

ಕೋಶಕೇಂದ್ರದ ಹೊಸ್ತಿಲಲ್ಲಿ

ಬೆಳಕಿನ ಸ್ವಿಚ್ಚು ಜೀವಂತ ಕೋಶದಲ್ಲಿ ಹೇಗೆ ವರ್ತಿಸುತ್ತದೆ ಎಂಬುದನ್ನು ಬಾರ್ಟನ್ ತಂಡ ವ್ಯವಸ್ಥಿತವಾಗಿ ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿತು. ಡಿಪಿಪಿಜ಼ಡ್ ಲಿಗ್ಯಾಂಡನ್ನು ಹಾಗೆಯೇ ಇಟ್ಟು, ಉಳಿದೆರಡು ಲಿಗ್ಯಾಂಡುಗಳನ್ನು ಬದಲಿಸುತ್ತ ಹೋಗಿ, ಯಾವುದು ಹೀಲಾ ಎಂಬ ಮಾನವ ಕ್ಯಾನ್ಸರ್ ಕೋಶಗಳೊಳಗೆ ಎಷ್ಟು ಸೇರುತ್ತದೆ ಎಂದು, ಕೋಶಗಳನ್ನು ಒಂದೊಂದಾಗಿ ಲೇಸರಿನ ಮುಂದೆ ಹಾಯಿಸಿ ಹೊಳಪು ನೋಡುವ ಫ್ಲೋ ಸೈಟೊಮೆಟ್ರಿಯಿಂದ ಅಳೆದರು. ಬೈಪಿರಿಡಿನ್ ಇದ್ದ ಮೂಲ ಸಂಕೀರ್ಣ ಒಳಗೆ ಹೋದದ್ದು ಅತ್ಯಲ್ಪ. ಅದಕ್ಕಿಂತ ಗಾತ್ರದಲ್ಲಿ ಸಾಕಷ್ಟು ದೊಡ್ಡದಾದ, ಆದರೆ ಫಿನೈಲ್ ಉಂಗುರಗಳಿಂದಾಗಿ ಕೊಬ್ಬಿನೊಂದಿಗೆ ಚೆನ್ನಾಗಿ ಬೆರೆಯುವ ಡೈಫಿನೈಲ್‌ಫಿನಾಂತ್ರೊಲಿನ್ ಸಂಕೀರ್ಣ ಎಲ್ಲಕ್ಕಿಂತ ಸಲೀಸಾಗಿ ಒಳಸೇರಿತು. ಸಣ್ಣ ಅಣು ಸುಲಭವಾಗಿ ನುಗ್ಗುತ್ತದೆ ಎಂಬ ಸಾಮಾನ್ಯ ಎಣಿಕೆ ಇಲ್ಲಿ ನಡೆಯಲಿಲ್ಲ.

ಒಳಸೇರುವ ದಾರಿಯನ್ನೂ ಅವರು ಪತ್ತೆಹಚ್ಚಿದರು. ಕೋಶದ ಶಕ್ತಿ ಉತ್ಪಾದನೆಯನ್ನು ತಡೆದರೂ ಸಂಕೀರ್ಣ ಒಳಹೋಗುವುದು ನಿಲ್ಲಲಿಲ್ಲ. ಕೋಶಪೊರೆಯ ವಿದ್ಯುತ್ ವಿಭವವನ್ನು ಏರಿಳಿಸಿದಾಗ ಮಾತ್ರ ಒಳಹರಿವು ಬದಲಾಯಿತು. ಪೊರೆಯ ಒಳಬದಿ ಋಣಾವೇಶದ್ದು, ಸಂಕೀರ್ಣ ಎರಡು ಧನಾವೇಶಗಳುಳ್ಳದ್ದು. ಆದ್ದರಿಂದ ಅದು ಕೋಶದ ಶ್ರಮವಿಲ್ಲದೆ, ವಿಭವದ ಸೆಳೆತದಿಂದ ವಿಸರಣೆಯ ಮೂಲಕ ಒಳಬರುತ್ತದೆ ಎಂಬ ತೀರ್ಮಾನಕ್ಕೆ 2008ರಲ್ಲಿ ಬಂದರು.

ಆದರೆ ಕಾನ್‌ಫೋಕಲ್ ಸೂಕ್ಷ್ಮದರ್ಶಕದ ಚಿತ್ರದಲ್ಲಿ ಕಂಡದ್ದು ಕೋಶದ್ರವ್ಯವಷ್ಟೇ ಕೆಂಪಾಗಿ, ಕೋಶಕೇಂದ್ರ ನಡುವೆ ಕಪ್ಪಾಗಿ ಉಳಿದಿದ್ದ ದೃಶ್ಯ. ಡಿಎನ್‌ಎಗೆ ಪ್ರಬಲವಾಗಿ ಅಂಟುವ ಅಣು, ಡಿಎನ್‌ಎಯಿಂದ ಕೆಲವೇ ಮೈಕ್ರೊಮೀಟರ್ ದೂರದಲ್ಲಿ ನಿಂತುಬಿಟ್ಟಿತ್ತು. ಪೊರೆ ದಾಟಲು ನೆರವಾದ ಕೊಬ್ಬಿನ ಒಲವೇ ಅದನ್ನು ಕೋಶದ್ರವ್ಯದ ಪೊರೆಗಳಲ್ಲಿ ಹಿಡಿದಿಟ್ಟಿತು ಎಂದು ಊಹಿಸುವುದಕ್ಕೆ ಆಧಾರವಿದೆ. ಅಲ್ಲಿ ನೀರು ಕಡಿಮೆಯಾದ್ದರಿಂದ ಬೆಳಕೂ ಬಂತು. ಯಾರಾದರೂ ಚಿತ್ರ ನೋಡದೆ, ಕೋಶಗಳ ಒಟ್ಟು ಹೊಳಪನ್ನಷ್ಟೇ ಅಳೆದಿದ್ದರೆ, ಸಂಕೀರ್ಣ ಡಿಎನ್‌ಎಯನ್ನು ಮುಟ್ಟಿದೆ ಎಂದೇ ಬರೆದುಬಿಡಬಹುದಿತ್ತು.

ಇಲ್ಲಿಂದ ಮುಂದೆ ನಡೆದದ್ದು ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಅತ್ಯಂತ ಬೆಲೆಬಾಳುವ ಭಾಗ. ಕೋಶಕೇಂದ್ರದತ್ತ ಸಂಕೀರ್ಣವನ್ನು ಒಯ್ಯಲು ಅದಕ್ಕೆ ಎಂಟು ಆರ್ಜಿನಿನ್‌ಗಳ ಒಂದು ಪೆಪ್ಟೈಡ್ ಸರಪಳಿಯನ್ನು ಜೋಡಿಸಲಾಯಿತು. ಇಂತಹ ಸರಪಳಿಗಳು ಸರಕನ್ನು ಕೋಶದೊಳಗೆ ಸಾಗಿಸುತ್ತವೆ ಎಂಬುದು ಆ ವೇಳೆಗೆ ಚೆನ್ನಾಗಿ ತಿಳಿದಿದ್ದ ವಿಷಯ. ಆದರೂ ರುಥೇನಿಯಂ ಕೋಶದ್ರವ್ಯದಲ್ಲೇ ಉಳಿಯಿತು. ಆ ಜೋಡಣೆಗೆ ಫ್ಲೋರೆಸೀನ್ ಎಂಬ ಹೆಸರುವಾಸಿ ಬಣ್ಣವನ್ನೂ ಕಟ್ಟಿದಾಗ ಅದು ಕೋಶಕೇಂದ್ರಕ್ಕೆ ಹೋಯಿತು. 2009ರಲ್ಲಿ ಪ್ರಕಟವಾದ ಈ ಫಲಿತಾಂಶದ ಅರ್ಥ ಗಂಭೀರವಾದದ್ದು. ಅಣುವೊಂದು ಕೋಶದಲ್ಲಿ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಲು ಅದಕ್ಕೆ ಬಣ್ಣದ ಗುರುತು ಕಟ್ಟಿ ಹಿಂಬಾಲಿಸುವುದು ಜೀವಶಾಸ್ತ್ರದಲ್ಲಿ ದಿನನಿತ್ಯದ ವಾಡಿಕೆ. ಆದರೆ ಕಟ್ಟಿದ ಗುರುತೇ ಅಣುವಿನ ದಾರಿಯನ್ನು ಬದಲಿಸಬಲ್ಲದು ಎಂಬುದು ಇಲ್ಲಿ ಸ್ಪಷ್ಟವಾಗಿ ಕಂಡಿತು. ಅದು ಕಂಡದ್ದಾದರೂ ರುಥೇನಿಯಂ ಸಂಕೀರ್ಣಕ್ಕೆ ಸ್ವಂತ ಬೆಳಕಿದ್ದುದರಿಂದ. ಫ್ಲೋರೆಸೀನ್ ಇದ್ದಾಗ ಎಲ್ಲಿತ್ತು, ಇಲ್ಲದಾಗ ಎಲ್ಲಿತ್ತು ಎಂದು ಹೋಲಿಸಿ ನೋಡುವ ಅವಕಾಶ ಸ್ವಯಂ ಬೆಳಗದ ಅಣುವಿಗೆ ಇರುವುದೇ ಇಲ್ಲ. 1978ರಲ್ಲಿ ಅಮೆರಿಕದಲ್ಲಿ ಔಷಧವಾಗಿ ಮಂಜೂರಾದ ಸಿಸ್‌ಪ್ಲಾಟಿನ್ ಲಕ್ಷಾಂತರ ಕ್ಯಾನ್ಸರ್ ರೋಗಿಗಳಿಗೆ ನೀಡಲಾದ ಲೋಹ ಸಂಕೀರ್ಣ. ಅದು ಬೆಳಗುವುದಿಲ್ಲವಾದ್ದರಿಂದ ಜೀವಂತ ಕೋಶದಲ್ಲಿ ಅದರ ನಡೆಯನ್ನು ನೇರವಾಗಿ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಲಾಗುವುದಿಲ್ಲ.

ಈ ವಿಷಯಕ್ಕೆ ಬೆಂಗಳೂರಿನ ಸಂಬಂಧವೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಖಿಲ್ ಚಕ್ರವರ್ತಿ ಅವರ ತಂಡ ತಾಮ್ರ, ಕಬ್ಬಿಣ, ವೆನೇಡಿಯಂ ಮೊದಲಾದ ಲೋಹಗಳ ಸಂಕೀರ್ಣಗಳನ್ನು ಕಣ್ಣಿಗೆ ಕಾಣುವ ಬೆಳಕಿನಿಂದ ಚುರುಕುಗೊಳಿಸಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಬಗ್ಗೆ ವರ್ಷಾನುಗಟ್ಟಲೆ ಕೆಲಸ ಮಾಡಿದೆ. ಆ ಲೋಹಗಳ ಸಂಕೀರ್ಣಗಳು ಸಾಮಾನ್ಯವಾಗಿ ರುಥೇನಿಯಂ ಸಂಕೀರ್ಣಗಳಂತೆ ತಾವಾಗಿಯೇ ಬೆಳಗುವಂಥವಲ್ಲ, ಹಾಗಾಗಿ ಅವುಗಳ ಲಿಗ್ಯಾಂಡಿಗೆ ಬೋಡಿಪಿಯಂತಹ ಬೆಳಗುವ ಘಟಕವನ್ನು ಸೇರಿಸಿ ಚಿತ್ರ ತೆಗೆಯುವ ಮಾರ್ಗವನ್ನು ಅವರು ಬಳಸಿದರು. ಅಲ್ಲಿ ಬೆಳಗುವ ಘಟಕ ಔಷಧಾಣುವಿನದೇ ಅಂಗವಾಗಿ, ಅದರೊಡನೆಯೇ ವಿನ್ಯಾಸಗೊಂಡಿರುತ್ತದೆ. ಪರೀಕ್ಷೆಗೆಂದು ಆಮೇಲೆ ಅಂಟಿಸಿ, ಔಷಧವಾಗಿ ಕೊಡುವಾಗ ಕಿತ್ತುಹಾಕುವ ಗುರುತಿಗಿಂತ ಇದು ಬೇರೆಯೇ ಆದ, ಹೆಚ್ಚು ಪ್ರಾಮಾಣಿಕವಾದ ಕ್ರಮ ಎಂದು ನಾನು ಭಾವಿಸುತ್ತೇನೆ.

ಶೆಫೀಲ್ಡಿನ ಎರಡು ಲೋಹಗಳ ಸಂಕೀರ್ಣ

ಅದೇ 2009ರಲ್ಲಿ ಥಾಮಸ್ ತಂಡದ ಪ್ರಬಂಧ ಹೊರಬಂತು. ಅವರ ಸಂಕೀರ್ಣದಲ್ಲಿ ಟಿಪಿಪಿಎಚ್‌ಜ಼ಡ್ ಎಂಬ ಉದ್ದನೆಯ ಸೇತುವೆಯಂತಹ ಲಿಗ್ಯಾಂಡಿನ ಎರಡು ತುದಿಗಳಲ್ಲಿ ಎರಡು ರುಥೇನಿಯಂ ಅಯಾನುಗಳಿದ್ದವು. ಪ್ರತಿ ಲೋಹಕ್ಕೂ ಎರಡೆರಡು ಫಿನಾಂತ್ರೊಲಿನ್‌ಗಳು. ಒಟ್ಟು ಆವೇಶ ನಾಲ್ಕು ಧನ. ಬೆಳಕಿನ ಸ್ವಿಚ್ಚಿನ ಗುಣ ಇದರಲ್ಲೂ ಇತ್ತು. ಆವೇಶ ಇಷ್ಟು ಹೆಚ್ಚಾದ, ಗಾತ್ರದಲ್ಲಿ ಇಷ್ಟು ದೊಡ್ಡದಾದ ಅಣು ಜೀವಂತ ಕೋಶದೊಳಗೆ ಹೋಗುವುದೇ ಅನುಮಾನ ಎಂದು ಯಾರಿಗಾದರೂ ಅನಿಸುವುದು ಸಹಜ. ಆದರೆ ಮಾನವ ಸ್ತನ ಕ್ಯಾನ್ಸರ್‌ನಿಂದ ಬೆಳೆಸಿದ ಎಂಸಿಎಫ್-7 ಕೋಶಗಳಿಗೆ ಕೊಟ್ಟಾಗ ಅದು ಕೋಶಕೇಂದ್ರದ ಡಿಎನ್‌ಎಯನ್ನೇ ಬೆಳಗಿಸಿತು, ಅದೂ ಕೋಶಗಳು ಜೀವಂತವಾಗಿರುವಾಗಲೇ.

ಒಳಹೋಗುವ ದಾರಿಯೂ ಬೇರೆಯಾಗಿತ್ತು. ಕ್ಯಾಲ್ಟೆಕ್ ಸಂಕೀರ್ಣ ಶಕ್ತಿವ್ಯಯವಿಲ್ಲದೆ ಒಳಬಂದರೆ, ಶೆಫೀಲ್ಡಿನ ಸಂಕೀರ್ಣಕ್ಕೆ ಕೋಶದ ಶಕ್ತಿ ಬೇಕಾಯಿತು. ಹಾಗೆಂದು ಅದು ಪೊರೆಯ ಚೀಲಗಳಲ್ಲಿ ನುಂಗಲ್ಪಡುವ ಎಂಡೋಸೈಟೋಸಿಸ್ ದಾರಿಯಲ್ಲಿಯೂ ಬರಲಿಲ್ಲ. ಎಂಡೋಸೈಟೋಸಿಸ್ ಅಲ್ಲದ ಸಕ್ರಿಯ ಸಾಗಣೆ ಎಂಬುದು ಲೇಖಕರ ತೀರ್ಮಾನ. ಈ ವ್ಯತ್ಯಾಸ ಬಹಳ ಮುಖ್ಯವಾದದ್ದು. ಚೀಲದಲ್ಲಿ ನುಂಗಲ್ಪಟ್ಟ ಅಣು ಸಾಮಾನ್ಯವಾಗಿ ಆ ಚೀಲದಲ್ಲೇ ಸಿಕ್ಕಿಬಿದ್ದು ಚುಕ್ಕಿಚುಕ್ಕಿಯಾಗಿ ಕಾಣುತ್ತದೆ; ಪೊರೆಗಳಿಗೆ ಒಲಿಯುವ ಅಣು ಪೊರೆಗಳಲ್ಲೇ ನಿಲ್ಲುತ್ತದೆ. ನೀರಿನಲ್ಲಿ ಕರಗುವ, ಆವೇಶ ಹೆಚ್ಚಿರುವ ಅಣು ಹೇಗಾದರೂ ಒಳಸೇರಿತೆಂದರೆ, ಅದನ್ನು ಸೆಳೆಯುವ ಅತಿ ದೊಡ್ಡ ಋಣಾವೇಶದ ಗಣಿ ಡಿಎನ್‌ಎಯೇ ಆಗಿರುತ್ತದೆ.

ಈ ಸಂಕೀರ್ಣ ಇನ್ನೂ ಎರಡು ಕೆಲಸ ಮಾಡಿತು. ಎಳೆಗಳೆರಡು ಸುತ್ತಿಕೊಂಡ ಸಾಮಾನ್ಯ ಡಿಎನ್‌ಎಗೆ ಅಂಟಿದಾಗಿನ ಬೆಳಕಿಗೂ, ಗ್ವಾನಿನ್ ಹೆಚ್ಚಿರುವ ಭಾಗಗಳು ಮಡಿಚಿಕೊಂಡು ಉಂಟಾಗುವ ಚತುರ್ಎಳೆ ರಚನೆಗೆ ಅಂಟಿದಾಗಿನ ಬೆಳಕಿಗೂ ತರಂಗಾಂತರದಲ್ಲಿ ವ್ಯತ್ಯಾಸವಿತ್ತು. ಎರಡನೆಯದು ಕಡಿಮೆ ತರಂಗಾಂತರದ ಕಡೆಗೆ ಸರಿದಿತ್ತು. ಅಂದರೆ ಡಿಎನ್‌ಎ ಎಲ್ಲಿದೆ ಎಂಬುದಲ್ಲದೆ, ಯಾವ ಆಕಾರದಲ್ಲಿದೆ ಎಂಬ ಸುಳಿವೂ ಅದರ ಬಣ್ಣದಲ್ಲಿತ್ತು. ಜೊತೆಗೆ ರುಥೇನಿಯಂ ಭಾರವಾದ ಲೋಹವಾದ್ದರಿಂದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲೂ ಅದೇ ಡಿಎನ್‌ಎ ಗಾಢವಾಗಿ ಮೂಡಿತು. ಆ ಸೂಕ್ಷ್ಮದರ್ಶಕಕ್ಕೆ ಸಾಮಾನ್ಯವಾಗಿ ಆಸ್ಮಿಯಂ, ಯುರೇನಿಯಂ ಲವಣಗಳನ್ನು ಪ್ರತ್ಯೇಕವಾಗಿ ಹಚ್ಚಬೇಕಾಗುತ್ತದೆ. ಇಲ್ಲಿ ಒಂದೇ ವಸ್ತು ಎರಡೂ ಬಗೆಯ ಸೂಕ್ಷ್ಮದರ್ಶಕಗಳಿಗೆ ಒದಗಿತು. ಬೆಳಕಿನಲ್ಲಿ ಕಂಡದ್ದನ್ನು ಎಲೆಕ್ಟ್ರಾನಿನಲ್ಲಿ ಪರಿಶೀಲಿಸುವುದು ಸಾಧ್ಯವಾಯಿತು.

2014ರಲ್ಲಿ ಶೆಫೀಲ್ಡ್ ತಂಡ ಇದೇ ಬಗೆಯ ಸಂಕೀರ್ಣಗಳ ದೀರ್ಘ ಹೊಳಪನ್ನು ಬಳಸಿಕೊಂಡಿತು. ಅವಗೆಂಪು ಲೇಸರಿನಿಂದ ಏಕಕಾಲಕ್ಕೆ ಎರಡೆರಡು ಫೋಟಾನುಗಳನ್ನು ಕೊಟ್ಟು, ಬೆಳಕು ಎಷ್ಟು ತೀವ್ರವಾಗಿದೆ ಎನ್ನುವುದರ ಬದಲು ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನೇ ಬಿಂದುಬಿಂದುವಿಗೂ ಅಳೆದು ಚಿತ್ರ ರಚಿಸಿದರು. ತೀವ್ರತೆ ಎಂಬುದು ಬಣ್ಣ ಎಷ್ಟು ಸೇರಿದೆ ಎಂಬುದನ್ನು ಅವಲಂಬಿಸಿ ಏರುಪೇರಾಗುತ್ತದೆ. ಹೊಳಪಿನ ಅವಧಿ ಹಾಗಲ್ಲ, ಅದು ಅಣುವಿನ ಸುತ್ತಲಿನ ಪರಿಸರವನ್ನು ಹೇಳುತ್ತದೆ. ಕೋಶದಲ್ಲಿ ಎಲ್ಲೆಲ್ಲಿ ನೀರು ಮರೆಯಾದರೂ ಬೆಳಗುವ ಸ್ವಿಚ್ಚಿನ ಸಮಸ್ಯೆಗೆ ಇದು ನಿಜವಾದ ಪರಿಹಾರದ ದಿಕ್ಕು.

ಇಪ್ಪತ್ತು ಮೈಕ್ರೊಮೋಲಾರ್‌ನ ಗೆರೆ

ಇಲ್ಲಿಗೆ ಪ್ರಕರಣ ಮುಗಿಯಿತೆಂದು ತೋರಬಹುದು: ಒಂದು ಸಂಕೀರ್ಣ ಕೋಶದ್ರವ್ಯಕ್ಕೆ, ಇನ್ನೊಂದು ಕೋಶಕೇಂದ್ರಕ್ಕೆ. 2017ರಲ್ಲಿ ಥಾಮಸ್ ತಂಡವೇ ಪ್ರಕಟಿಸಿದ ಫಲಿತಾಂಶ ಈ ಅಚ್ಚುಕಟ್ಟನ್ನು ಒಡೆಯಿತು. ಎರಡು ರುಥೇನಿಯಂಗಳ ಸಂಕೀರ್ಣವನ್ನು ಬೇರೆಬೇರೆ ಸಾರತೆಗಳಲ್ಲಿ ಕೊಟ್ಟು ನೋಡಿದಾಗ, ಕಡಿಮೆ ಸಾರತೆಯಲ್ಲಿ ಅದು ಹೋದದ್ದು ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳಿಗೆ. ಸಾರತೆ ಸುಮಾರು 20 ಮೈಕ್ರೊಮೋಲಾರ್ (ಒಂದು ಲೀಟರಿನಲ್ಲಿ ಮೋಲಿನ ಹತ್ತು ಲಕ್ಷದಲ್ಲಿ 20 ಪಾಲು) ದಾಟಿದ ಮೇಲೆ ಬೆಳಗಿದ್ದು ಕೋಶಕೇಂದ್ರದ ಡಿಎನ್‌ಎ. ಮೈಟೊಕಾಂಡ್ರಿಯದ ಒಳಪೊರೆಯ ವಿಭವ ಕೋಶಪೊರೆಯದಕ್ಕಿಂತ ಹೆಚ್ಚು ಋಣಾತ್ಮಕವಾಗಿರುತ್ತದೆ ಎಂಬುದನ್ನು ನೆನೆದರೆ, ಧನಾವೇಶದ ಅಣುಗಳು ಮೊದಲು ಅಲ್ಲಿಗೆ ಓಡುವುದು ಅಚ್ಚರಿಯಲ್ಲ. ಆದರೆ ಒಂದು ಸಂಕೀರ್ಣದ ವಾಸಸ್ಥಾನವನ್ನು ಒಂದೇ ಸಾರತೆಯಲ್ಲಿ ನೋಡಿ ತೀರ್ಮಾನಿಸುವ ಪ್ರಬಂಧಗಳೆಲ್ಲಕ್ಕೂ ಇದೊಂದು ಎಚ್ಚರಿಕೆ. ಬಳಸಿದ ಸಾರತೆ, ಕೋಶಗಳ ಜೊತೆ ಬಿಟ್ಟ ಅವಧಿ, ಜೊತೆಗಿದ್ದ ಋಣ ಅಯಾನು, ಮಾಧ್ಯಮದಲ್ಲಿ ಸೀರಂ ಇತ್ತೇ ಇಲ್ಲವೇ, ಚಿತ್ರ ತೆಗೆಯುವ ಮುನ್ನ ಕೋಶಗಳನ್ನು ರಾಸಾಯನಿಕದಿಂದ ಸ್ಥಿರಗೊಳಿಸಲಾಗಿತ್ತೇ ಎಂಬ ವಿವರಗಳಿಲ್ಲದ ಕೆಂಪು ಚಿತ್ರ ಎಷ್ಟೇ ಸುಂದರವಾಗಿದ್ದರೂ ಅದನ್ನು ಪುರಾವೆಯೆಂದು ಒಪ್ಪಬಾರದು. ಸ್ಥಿರಗೊಳಿಸುವಾಗ ಪೊರೆಗಳು ತೂತಾಗಿ, ಅಲ್ಲಿಯವರೆಗೆ ಹೊರಗಿದ್ದ ಅಣುಗಳು ಕೋಶಕೇಂದ್ರಕ್ಕೆ ನುಗ್ಗುವ ಸಾಧ್ಯತೆ ಯಾವಾಗಲೂ ಇರುತ್ತದೆ. ಕತ್ತಲಿನ ಬಗ್ಗೆಯೂ ಇಷ್ಟೇ ಜಾಗ್ರತೆ ಬೇಕು: ಬೆಳಗದ ಜಾಗದಲ್ಲಿ ಸಂಕೀರ್ಣ ಇಲ್ಲವೆಂದಲ್ಲ, ಅಲ್ಲಿ ನೀರಿನಿಂದ ಆರಿಹೋಗಿಯೂ ಇರಬಹುದು. ಕೋಶದ ಭಾಗಗಳನ್ನು ಬೇರ್ಪಡಿಸಿ, ದ್ರವ್ಯರಾಶಿ ರೋಹಿತಮಾಪಕದಲ್ಲಿ ರುಥೇನಿಯಂ ಪರಮಾಣುಗಳನ್ನೇ ಎಣಿಸಿದರೆ ಮಾತ್ರ ಆ ಅನುಮಾನ ಪರಿಹಾರವಾಗುತ್ತದೆ. ಸಂಕೀರ್ಣದಲ್ಲಿ ಲೋಹವಿರುವುದರ ದೊಡ್ಡ ಅನುಕೂಲವೇ ಇದು, ಇಂಗಾಲ ಮತ್ತು ನೈಟ್ರೊಜನ್‌ಗಳಿಂದಾದ ಸಾವಯವ ಬಣ್ಣವನ್ನು ಕೋಶದ ಸ್ವಂತ ಇಂಗಾಲ ನೈಟ್ರೊಜನ್‌ಗಳ ನಡುವೆ ಹೀಗೆ ಎಣಿಸಲಾಗದು.

ಅದೇ ಪ್ರಬಂಧದಲ್ಲಿ ಇನ್ನೊಂದು ಸಂಗತಿಯಿತ್ತು. ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕದ ಮಿತಿಯನ್ನು ಮೀರಿ ನೋಡುವ ಸ್ಟೆಡ್ ವಿಧಾನದಲ್ಲಿ, ಉದ್ರೇಕಿಸುವ ಲೇಸರಿನ ಜೊತೆಗೆ ಅಂಚಿನ ಹೊಳಪನ್ನು ಅಳಿಸುವ ಪ್ರಬಲವಾದ ಎರಡನೆಯ ಲೇಸರನ್ನೂ ಹಾಯಿಸಬೇಕು. ಹೆಚ್ಚಿನ ಸಾವಯವ ಬಣ್ಣಗಳು ಈ ಹೊಡೆತ ತಾಳದೆ ಮಾಸುತ್ತವೆ. ರುಥೇನಿಯಂ ಸಂಕೀರ್ಣ ತಾಳಿಕೊಂಡಿತು, ಡಿಎನ್‌ಎಯೂ ಪ್ರೋಟೀನೂ ಸೇರಿದ ಕ್ರೊಮ್ಯಾಟಿನ್‌ನ ಸೂಕ್ಷ್ಮ ಹಂದರವನ್ನು ಮೂರು ಆಯಾಮಗಳಲ್ಲಿ ತೋರಿಸಿತು.

ಬಣ್ಣದಿಂದ ಔಷಧದ ಕಡೆಗೆ

ಹೊಳಪು ದೀರ್ಘವಾಗಿರುವುದಕ್ಕೆ ಒಂದು ಬೆಲೆಯೂ ಇದೆ. ತ್ರಿಕ ಸ್ಥಿತಿಯಲ್ಲಿರುವ ಸಂಕೀರ್ಣ ನೂರಾರು ನ್ಯಾನೊಸೆಕೆಂಡು ಕಾಯುವಾಗ ಆಮ್ಲಜನಕದ ಅಣು ಎದುರಾದರೆ, ಶಕ್ತಿ ಅದಕ್ಕೆ ವರ್ಗಾವಣೆಯಾಗಿ ಸಿಂಗ್ಲೆಟ್ ಆಮ್ಲಜನಕ ಎಂಬ ಉಗ್ರ ರೂಪ ಹುಟ್ಟುತ್ತದೆ, ಅದು ಹತ್ತಿರದ ಜೈವಿಕ ಅಣುಗಳನ್ನು ಕೆಡಿಸುತ್ತದೆ. ಚಿತ್ರ ತೆಗೆಯುವವರಿಗೆ ಇದು ತೊಂದರೆ, ಚಿಕಿತ್ಸೆ ಬಯಸುವವರಿಗೆ ಇದೇ ಸಾಧನ. ಕೆನಡಾದ ಅಕೇಡಿಯ ವಿಶ್ವವಿದ್ಯಾಲಯದಲ್ಲಿ ಶೆರಿ ಮ್ಯಾಕ್‌ಫಾರ್ಲೆಂಡ್ ಅವರು ರೂಪಿಸಿದ ಟಿಎಲ್‌ಡಿ-1433 ಎಂಬ ರುಥೇನಿಯಂ ಸಂಕೀರ್ಣವನ್ನು, ಸ್ನಾಯುಪದರಕ್ಕೆ ಇಳಿಯದ ಮೂತ್ರಕೋಶದ ಕ್ಯಾನ್ಸರ್ ಇರುವ ರೋಗಿಗಳಲ್ಲಿ ಹಸಿರು ಬೆಳಕಿನೊಂದಿಗೆ ಪರೀಕ್ಷಿಸಲಾಗಿದೆ. ಮೂತ್ರಕೋಶಕ್ಕೆ ನಳಿಕೆಯ ಮೂಲಕ ಔಷಧವನ್ನೂ ಬೆಳಕಿನ ತಂತುವನ್ನೂ ಒಯ್ಯಬಹುದಾದ್ದರಿಂದ, ಹಸಿರು ಬೆಳಕು ಅಂಗಾಂಶದಲ್ಲಿ ಆಳಕ್ಕಿಳಿಯದು ಎಂಬ ಮಿತಿಯೇ ಇಲ್ಲಿ ಅನುಕೂಲವಾಗುತ್ತದೆ: ಕೆಳಗಿನ ಸ್ನಾಯುಪದರ ಸುರಕ್ಷಿತವಾಗಿ ಉಳಿಯುತ್ತದೆ.

ಶೆಫೀಲ್ಡಿನ ಸಂಕೀರ್ಣಗಳು ಹಿಡಿದದ್ದು ಬೇರೆ ದಾರಿ. ಥಾಮಸ್ ಮತ್ತು ಸಹೋದ್ಯೋಗಿಗಳು 2019ರಲ್ಲಿ, ಎರಡು ರುಥೇನಿಯಂಗಳ ಹಲವು ಸಂಕೀರ್ಣಗಳನ್ನು ಇ. ಕೋಲೈ ಬ್ಯಾಕ್ಟೀರಿಯದ ಮೇಲೆ ಪರೀಕ್ಷಿಸಿದ ಫಲಿತಾಂಶವನ್ನು ಪ್ರಕಟಿಸಿದರು. ಇ. ಕೋಲೈ ಸೇರಿದ ಗ್ರಾಂ ಋಣ ಗುಂಪಿನ ಬ್ಯಾಕ್ಟೀರಿಯಗಳಿಗೆ ಎರಡು ಪೊರೆಗಳಿರುವುದರಿಂದ ಅವುಗಳೊಳಗೆ ಔಷಧ ಸೇರಿಸುವುದು ಬಹಳ ಕಷ್ಟ. ಪರೀಕ್ಷಿಸಿದ ಸಂಕೀರ್ಣಗಳಲ್ಲಿ ಒಂದು ಇಂತಹ ಬ್ಯಾಕ್ಟೀರಿಯಗಳನ್ನೇ ಹೆಚ್ಚು ಸಮರ್ಥವಾಗಿ ಕೊಂದಿತು. ಹಲವು ಪ್ರತಿಜೈವಿಕಗಳಿಗೆ ಜಗ್ಗದ, ಮೂತ್ರನಾಳದ ಸೋಂಕು ತರುವ ಇಸಿ958 ತಳಿಯ ಮೇಲೂ ಅದರ ಬಲ ಕುಗ್ಗಲಿಲ್ಲ. ಅದು ಹೇಗೆ ಕೊಲ್ಲುತ್ತದೆ ಎಂದು ತಿಳಿಯಲು ಪ್ರತ್ಯೇಕ ಬಣ್ಣ ಕಟ್ಟಬೇಕಾಗಲಿಲ್ಲ. ಅದರದೇ ಬೆಳಕಿನಲ್ಲಿ ಸ್ಟೆಡ್ ಚಿತ್ರ ತೆಗೆದಾಗ, ಸಂಕೀರ್ಣ ಮೊದಲು ಬ್ಯಾಕ್ಟೀರಿಯದ ಪೊರೆಗಳಲ್ಲಿ ಸೇರಿಕೊಂಡು, ಬಳಿಕ ಕೋಶದ ಎರಡು ಧ್ರುವಗಳತ್ತ ಸರಿದುದು ಕಂಡಿತು. ಪೊರೆಯ ಹಾನಿಯನ್ನು ಅಳೆಯುವ ಪ್ರತ್ಯೇಕ ಪರೀಕ್ಷೆಗಳು, ಸಂಕೀರ್ಣ ಒಳಹೋಗುವ ಮುನ್ನವೇ ಪೊರೆಯ ರಚನೆಯನ್ನು ಕೆಡಿಸುತ್ತದೆ ಎಂದು ದೃಢಪಡಿಸಿದವು. ಬ್ಯಾಕ್ಟೀರಿಯದ ಬೆಳವಣಿಗೆ ತಡೆಯಲು ಬೇಕಾದ ಕನಿಷ್ಠ ಸಾರತೆಗಿಂತ ಹಲವು ಪಟ್ಟು ಹೆಚ್ಚು ಕೊಟ್ಟಾಗಲೂ ಸಸ್ತನಿಗಳ ಕೋಶಗಳಲ್ಲಿ ಮತ್ತು ಪ್ರಾಣಿ ಮಾದರಿಯಲ್ಲಿ ಅದು ವಿಷವಾಗಿ ವರ್ತಿಸಲಿಲ್ಲ.